ಗೊತ್ತು, ಆದರೆ ಬರುವುದಿಲ್ಲ



ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಕಲಿಯಲಾರಂಭಿಸಿ ನಾಲ್ಕಾರು ತಿಂಗಳುಗಳಾದುವು. ಹಬ್ಬಕ್ಕೆಂದು ಚಿಕ್ಕಬಳ್ಳಾಪುರಕ್ಕೆ ಬಂದಿದ್ದಾಗ ಆಕೆ ನನ್ನ ಮುಂದೆ ಒಂದು ದೂರನ್ನಿಟ್ಟಳು. “ತಾತ, ‘ಐ ನೋ’ ಅನ್ನೋದಕ್ಕೆ ಅವರಲ್ಲಿ ಎರಡು ಕ್ರಿಯಾಪದ ಇವೆ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದ್ರೆ ಮೇಷ್ಟ್ರು ಒಪ್ಪಲ್ಲ. ಒಂದೇ ಅರ್ಥಕ್ಕೆ ಎರಡು ಯಾಕೆ ಬೇಕಿತ್ತು?” ಎಂದಳು. “ನಮ್ಮ ಮನೆಯಲ್ಲಿ ಎಷ್ಟಿವೆಯೆಂದು ಎಂದಾದರೂ ಎಣಿಸಿದ್ದೀಯಾ?” ಎಂದು ನಾನು ಮರುಪ್ರಶ್ನೆ ಹಾಕಿದೆ. ಎಣಿಸುತ್ತ ಕುಳಿತೆವು. ಗೊತ್ತು, ತಿಳಿ, ಅರಿ, ಬಲ್ಲ, ಬರು, ಕಾಣು ಎಂದು ಆರಕ್ಕೆ ಬಂದು ನಿಂತಾಗ ಅಡುಗೆಮನೆಯಿಂದ ನನ್ನ ತಂಗಿ ತೆಲುಗಿನ ‘ಎರುಕ’ವನ್ನೂ ಸೇರಿಸಿದಳು. ಆ ಎಣಿಕೆಯಿಂದ ಹುಟ್ಟಿದ ಬರಹವಿದು. ನಾನು ಲ್ಯಾಟಿನ್ ಪಂಡಿತನಲ್ಲ. ನಿಘಂಟುಗಳನ್ನು ಕಾದಂಬರಿಯಂತೆ ಓದುವ ಚಟವೊಂದಿದೆ, ಅಷ್ಟೆ. ನನ್ನ ತರಗತಿಯಲ್ಲಿ ಕುಳಿತವರಿಗೆ ಈ ಚಟದ ಉಪದ್ರವ ನೆನಪಿದ್ದೀತು.

ಮೊದಲು ಅವರ ಮನೆಯ ವಿಚಾರ. ರೋಮನ್ ಸಾಮ್ರಾಜ್ಯವು ಕುಸಿದ ಮೇಲೆ ಲ್ಯಾಟಿನ್ನಿನ ಆಡುಮಾತು ಪ್ರಾಂತದಿಂದ ಪ್ರಾಂತಕ್ಕೆ ಬೇರೆಬೇರೆಯಾಗುತ್ತ ಹೋಗಿ ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ಇಟಾಲಿಯನ್, ರುಮೇನಿಯನ್ ಮುಂತಾದ ಭಾಷೆಗಳಾದುವು. ಒಂದೇ ತಾಯಿಯ ಈ ಮಕ್ಕಳನ್ನು ವಿದ್ವಾಂಸರು ರೋಮಾನ್ಸ್ ಭಾಷೆಗಳೆಂದು ಕರೆಯುತ್ತಾರೆ. ಅರಿಯುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಸಬೇರ್’ ಮತ್ತು ‘ಕೊನೊಸೇರ್’. ಇಟಾಲಿಯನ್‌ನಲ್ಲಿ ‘ಸಪೇರೆ’ ಮತ್ತು ‘ಕೊನೋಶೆರೆ’. ಫ್ರೆಂಚಿನಲ್ಲಿ ‘ಸವ್ವಾರ್’ ಮತ್ತು ‘ಕೊನೆತ್ರ್’. ಮೊದಲನೆಯದು ಸಂಗತಿಯೊಂದನ್ನು ತಿಳಿದಿರುವುದಕ್ಕೂ ಈಜು, ಓದುಬರಹಗಳಂಥ ವಿದ್ಯೆ ಕೈಗೂಡಿರುವುದಕ್ಕೂ ಸಲ್ಲುತ್ತದೆ. ಎರಡನೆಯದು ವ್ಯಕ್ತಿ, ಊರು, ಪುಸ್ತಕಗಳ ಪರಿಚಯಕ್ಕೆ ಸಲ್ಲುತ್ತದೆ. ವಿಳಾಸ ಗೊತ್ತಿರುವುದು ಒಂದು, ಆ ಮನೆಯವರ ಪರಿಚಯವಿರುವುದು ಇನ್ನೊಂದು.

ಆದರೆ ತಾಯಿ ಲ್ಯಾಟಿನ್ನಿನಲ್ಲಿ ‘ತಿಳಿ’ ಎಂಬುದಕ್ಕೆ ಮುಖ್ಯವಾಗಿದ್ದ ಕ್ರಿಯಾಪದ ಇವೆರಡೂ ಅಲ್ಲ. ಅದು ‘ಸ್ಕೀರೆ’. ಇಂಗ್ಲಿಷಿನ ‘ಸೈನ್ಸ್’ ಹುಟ್ಟಿದ್ದು ಅದರಿಂದ. ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಕೈಬಿಟ್ಟರು. ರುಮೇನಿಯನ್ ಹಾಗೂ ಸಾರ್ಡಿನಿಯಾ ದ್ವೀಪದ ಭಾಷೆ ಮಾತ್ರ ಉಳಿಸಿಕೊಂಡುವು. ಖಾಲಿಯಾದ ಪೀಠವನ್ನೇರಿದ್ದು ‘ಸಪೆರೆ’. ಇದರ ಮೂಲಾರ್ಥವನ್ನು ಕೇಳಿದರೆ ನೀವು ನಕ್ಕೀರಿ. ‘ರುಚಿಯಿರು, ರುಚಿ ನೋಡು’ ಎಂಬುದೇ ಅದರ ಅರ್ಥ. ರುಚಿಯನ್ನು ಬೇರ್ಪಡಿಸಿ ಹೇಳಬಲ್ಲವನು ವಿವೇಕಿ, ವಿವೇಕಿಯಾದವನು ತಿಳಿದವನು, ಹೀಗೆ ಅಡುಗೆಮನೆಯ ಮಾತೊಂದು ಪಾಠಶಾಲೆಗೆ ಬಂದು ಕುಳಿತಿತು. ಲಿನೇಯಸ್ 1758ರಲ್ಲಿ ಮನುಷ್ಯಜಾತಿಗೆ ‘ಹೋಮೋ ಸೇಪಿಯನ್ಸ್’ ಎಂಬ ಹೆಸರನ್ನು ಕೊಟ್ಟದ್ದೂ ಇದೇ ಧಾತುವಿನಿಂದ. ಸ್ಪ್ಯಾನಿಷ್ ಭಾಷೆಯಲ್ಲಿ ಇಂದಿಗೂ ಸಾರು ಬೆಳ್ಳುಳ್ಳಿಯ ರುಚಿ ಕೊಡುತ್ತಿದೆಯೆನ್ನಲು ಅದೇ ‘ಸಬೇರ್’ ಬಳಸುತ್ತಾರೆ. ಮಗು ಇದನ್ನು ಕೇಳಿ ‘ಇಷ್ಟು ದಿನ ಅದು ಬೇರೆ ಪದ ಅಂದ್ಕೊಂಡಿದ್ದೆ’ ಎಂದಿತು.

ನಮಗೆ ಇದೇನೂ ದೂರದ ಸಂಗತಿಯಲ್ಲ. ಬಲ್ಲವನೇ ಬಲ್ಲ ಬೆಲ್ಲದ ರುಚಿಯ ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರು? ಸಂಸ್ಕೃತದಲ್ಲಿ ಕಲಾಭಿರುಚಿಯುಳ್ಳವನು ರಸಜ್ಞ, ರಸವನ್ನು ಬಲ್ಲವನು. ಅಮರಕೋಶವು ನಾಲಗೆಗೆ ಕೊಡುವ ಹೆಸರುಗಳಲ್ಲೊಂದು ‘ರಸಜ್ಞಾ’. ಲ್ಯಾಟಿನ್ ಭಾಷಿಕನು ನಾಲಗೆಯಿಂದ ತಿಳಿವಿಗೆ ನಡೆದುಹೋದರೆ, ನಮ್ಮ ಕೋಶಕಾರನು ತಿಳಿವನ್ನು ತಂದು ನಾಲಗೆಯ ಮೇಲಿಟ್ಟನು.

‘ರಸಜ್ಞ’ದ ಕೊನೆಯಲ್ಲಿರುವ ಈ ‘ಜ್ಞ’ ಎಂಬುದರಲ್ಲಿಯೇ ಅವರ ಎರಡನೆಯ ಕ್ರಿಯಾಪದದ ಗುಟ್ಟಿದೆ. ‘ಕೊನೊಸೇರ್’, ‘ಕೊನೆತ್ರ್’ಗಳ ತಾಯಿ ಲ್ಯಾಟಿನ್ನಿನ ‘ಕೊಗ್ನೋಸ್ಕೆರೆ’. ಅದರ ನಡುವಿನ ‘ಗ್ನೋ’ ಎಂಬುದೂ ಸಂಸ್ಕೃತದ ‘ಜ್ಞಾ’ ಧಾತುವೂ ಒಂದೇ ಬೇರಿನ ಕುಡಿಗಳು. ಇಂಗ್ಲಿಷಿನ ‘ನೋ’ ಕೂಡ ಅದೇ ಕುಟುಂಬದ್ದು. ಆ ಪದದ ಮೊದಲಲ್ಲಿ ಉಚ್ಚರಿಸದ ಒಂದು ‘ಕೆ’ ಏಕಿದೆಯೆಂದು ನೀವು ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದುದು ಇದನ್ನೇ. ಅದು ಸುಮ್ಮನೆ ನಿಂತದ್ದಲ್ಲ. ಹಿಂದೆ ಇಂಗ್ಲಿಷರು ಅದನ್ನು ಬಾಯಿತುಂಬ ಉಚ್ಚರಿಸುತ್ತಿದ್ದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳು ಯಾವುದೋ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲಿ ಹೇಳಿದನು. ಆ ಮಾತಿಗೆ ‘ಜ್ಞಾ’ಗಿಂತ ಒಳ್ಳೆಯ ಸಾಕ್ಷಿಯನ್ನು ಹುಡುಕುವುದು ಕಷ್ಟ. ನಮ್ಮ ಕಡೆಯ ಅಜ್ಜಿಯರು ಜ್ಞಾನವನ್ನು ‘ಗ್ಯಾನ’ ಎನ್ನುತ್ತಿದ್ದರು, ಜ್ಞಾಪಕವು ‘ಗ್ಯಾಪಕ’. ಶಾಲೆಗೆ ಹೋದವರು ಅದನ್ನು ಕೇಳಿ ನಗುತ್ತಿದ್ದರು. ಸಂಸ್ಕೃತದ ‘ಜ’ ಇರುವೆಡೆ ಲ್ಯಾಟಿನ್ನಿನಲ್ಲಿ ಇದ್ದದ್ದು ಗಕಾರವೇ. ಅಜ್ಜಿಯರ ಗಕಾರವು ತೀರ ಈಚಿನದೆಂಬುದು ನಿಜ, ಎರಡಕ್ಕೂ ನಂಟಿಲ್ಲ. ಆದರೂ ಯಾರ ಉಚ್ಚಾರವನ್ನು ಕಂಡೂ ಅವಸರದಲ್ಲಿ ನಗಬಾರದೆಂದು ನನಗನ್ನಿಸುತ್ತದೆ.

ಸಂಸ್ಕೃತದಲ್ಲಿ ಇನ್ನೊಂದು ಧಾತುವಿದೆ, ‘ವಿದ್’. ವಿದ್ಯೆ, ವೇದ, ವಿದ್ಯಾರ್ಥಿ, ವಿದ್ವಾಂಸ ಎಲ್ಲವೂ ಅದರ ಸಂತಾನ. ಇದರ ಲ್ಯಾಟಿನ್ ಸೋದರಿ ‘ವಿದೇರೆ’ಗೆ ಮಾತ್ರ ‘ನೋಡು’ ಎಂದರ್ಥ. ನಮ್ಮ ಮನೆಮನೆಯ ‘ವೀಡಿಯೊ’ ಅದರಿಂದ ಬಂದದ್ದು. ಕಂಡವನು ತಿಳಿದವನು ಎಂಬ ನಂಬಿಕೆ ಆ ಮೂಲಭಾಷೆಯಲ್ಲಿಯೇ ಇತ್ತು. ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಕೆಲವೇ ಮೈಲಿ ನಡೆದರೆ ಸಿಗುವ ವಿದುರಾಶ್ವತ್ಥವನ್ನು ನೀವೆಲ್ಲ ಕಂಡಿದ್ದೀರಿ. ನಾಗಪ್ರತಿಷ್ಠೆಯ ಕಲ್ಲುಗಳ ಸಾಲು, 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ನೆಲ. ಆ ಊರ ಹೆಸರಿನಲ್ಲಿರುವ ವಿದುರನಿಗೆ ‘ತಿಳಿದವನು’ ಎಂದೇ ಅರ್ಥ. ಧಾತು ಅದೇ ‘ವಿದ್’.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ಕುಟುಂಬದ ಕಥೆ. ಕನ್ನಡವು ಆ ಕುಟುಂಬಕ್ಕೆ ಸೇರಿದ್ದಲ್ಲ. ಸಂಸ್ಕೃತದಿಂದ ಜ್ಞಾನವನ್ನೂ ವಿದ್ಯೆಯನ್ನೂ ನಾವು ಧಾರಾಳವಾಗಿ ಪಡೆದೆವಾದರೂ ಕ್ರಿಯಾಪದದ ಮಟ್ಟಿಗೆ ಮನೆಯ ಮಾತನ್ನು ಬಿಟ್ಟುಕೊಡಲಿಲ್ಲ. ‘ನಾನು ಜ್ಞಾನಿಸುತ್ತೇನೆ’ ಎಂದು ಯಾರೂ ಹೇಳುವುದಿಲ್ಲವಷ್ಟೆ. ತೆಲುಗು, ಕನ್ನಡ, ತಮಿಳುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ತಮ್ಮದೇ ಒಂದು ಕುಟುಂಬ ಎಂಬುದನ್ನು ಧಾತುಗಳ ಪಟ್ಟಿಯನ್ನಿಟ್ಟು ಮೊದಲು ತೋರಿಸಿದವನು ಮದರಾಸಿನ ಕಲೆಕ್ಟರನಾಗಿದ್ದ ಎಫ್. ಡಬ್ಲ್ಯು. ಎಲ್ಲಿಸ್. ಕ್ಯಾಂಬೆಲ್ಲನ ತೆಲುಗು ವ್ಯಾಕರಣಕ್ಕೆ 1816ರಲ್ಲಿ ಅವನು ಬರೆದ ಟಿಪ್ಪಣಿಯಲ್ಲಿ ಅದು ಬಂದಿತು. ಕಾಲ್ಡ್‌ವೆಲ್ಲನ ಪ್ರಸಿದ್ಧ ಗ್ರಂಥಕ್ಕಿಂತ ನಲವತ್ತು ವರ್ಷ ಮೊದಲು. ಎಲ್ಲಿಸ್ ನಮ್ಮ ಚಿಂತಾಮಣಿಯ ಸಂತೆಯಲ್ಲಿ ಅರ್ಧ ದಿನ ನಿಂತಿದ್ದರೂ ಅದೇ ಪಟ್ಟಿ ಅವನಿಗೆ ಸಿಕ್ಕುತ್ತಿತ್ತೇನೋ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ತಿರುವಿದರೆ ಕನ್ನಡ, ತೆಲುಗು, ತಮಿಳು ಮೂರೂ ಭಾಷೆಗಳ ಕಲ್ಲುಗಳು ಎದುರಾಗುತ್ತವೆ. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಾವೆಲ್ಲ ಆ ಕೋಲಾರ ಜಿಲ್ಲೆಯವರೇ ತಾನೇ.

ನಮ್ಮ ಕುಟುಂಬದ ಹಿರಿಯ ಪದ ‘ಅರಿ’. ಹಳಗನ್ನಡದಲ್ಲಿ ಇದನ್ನು ‘ಅಱಿ’ ಎಂದು ಬರೆಯುತ್ತಿದ್ದರು. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಇಂದಿಗೂ ಹಾಗೆಯೇ ಇದೆ. ತೆಲುಗಿನಲ್ಲಿ ‘ಎಱುಗು’ ಆಯಿತು. ನನ್ನ ತಂಗಿಯ ‘ಎರುಕ’ ಅಲ್ಲಿಂದ ಬಂದದ್ದು. ಈ ಱಕಾರವನ್ನು ನಮ್ಮ ವೈಯಾಕರಣರು ಶಕಟರೇಫವೆಂದು ಕರೆದರು. ತೆಲುಗರು ಅದನ್ನೇ ಸರಳವಾಗಿ ‘ಬಂಡಿ ರ’ ಎಂದರು. ನಡುಗನ್ನಡದ ಕಾಲಕ್ಕೆ ಆ ಬಂಡಿ ಸಾಮಾನ್ಯ ರಕಾರದ ಬೀದಿಯಲ್ಲಿ ಬೆರೆತುಹೋಯಿತು. ಅದರಿಂದ ಒಂದು ತೊಡಕೂ ಆಯಿತು. ಹಳಗನ್ನಡದಲ್ಲಿ ಸಾದಾ ರಕಾರದ ‘ಅರಿ’ ಎಂದರೆ ಕತ್ತರಿಸು. ಯುದ್ಧವರ್ಣನೆಗಳಲ್ಲಿ ತಲೆಗಳನ್ನು ಅರಿಯುವ ವೀರರು ಬೇಕಾದಷ್ಟು ಮಂದಿ ಇದ್ದಾರೆ. ಎರಡು ರಕಾರಗಳು ಒಂದಾದ ಮೇಲೆ ತಲೆಯನ್ನು ಅರಿಯುವುದಕ್ಕೂ ತತ್ತ್ವವನ್ನು ಅರಿಯುವುದಕ್ಕೂ ಬರಹದಲ್ಲಿ ಭೇದವುಳಿಯಲಿಲ್ಲ. ತಮಿಳರು ಇಂದಿಗೂ ಎರಡನ್ನು ಬೇರೆಬೇರೆಯಾಗಿ ಬರೆಯುತ್ತಾರೆ. ವಿಚಿತ್ರವೆಂದರೆ ಲ್ಯಾಟಿನ್ನಿನ ಆ ಕಳೆದುಹೋದ ‘ಸ್ಕೀರೆ’ಯ ಮೂಲವೂ ಸೀಳು, ಬೇರ್ಪಡಿಸು ಎಂಬ ಅರ್ಥದ್ದೇ ಎಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿ ಅದು ನಿಜವಾದ ಹುಟ್ಟು. ಇಲ್ಲಿ ಅಕ್ಷರವೊಂದು ಕಳೆದುಹೋದದ್ದರಿಂದಾದ ಆಕಸ್ಮಿಕ.

ವಚನಕಾರರ ಕಾಲಕ್ಕೆ ‘ಅರಿವು’ ಎಂಬುದು ಕನ್ನಡದ ಬಹು ತೂಕದ ಶಬ್ದಗಳಲ್ಲೊಂದಾಗಿತ್ತು. ಇಂದು ಬೀದಿಯಲ್ಲಿ ‘ನಾನು ಅರಿಯೆ’ ಎಂದರೆ ನಾಟಕದ ಮಾತೆಂದುಕೊಳ್ಳುತ್ತಾರೆ. ಆದರೂ ಪದ ಸತ್ತಿಲ್ಲ. ಪುಸ್ತಕದ ಮುನ್ನುಡಿಗೆ ‘ಅರಿಕೆ’ ಎಂದು ತಲೆಬರಹ ಕೊಡುತ್ತೇವೆ. ಆಸ್ಪತ್ರೆಯ ಫಲಕದಲ್ಲಿ ‘ಅರಿವಳಿಕೆ ತಜ್ಞರು’ ಎಂದಿರುತ್ತದೆ. ಕಳೆದ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೋದಾಗ ಆ ಫಲಕವನ್ನು ನೋಡುತ್ತ ಕುಳಿತೆ. ಅರಿವು ಅಳಿಯುವುದೇ ಅರಿವಳಿಕೆ. ಹೊಸ ಶಬ್ದವನ್ನು ಟಂಕಿಸಿದವರು ಯಾರೋ, ಅವರ ಕನ್ನಡಕ್ಕೆ ನಮಸ್ಕಾರ.

ಎರಡನೆಯದು ‘ತಿಳಿ’. ಇದರ ಮೂಲವನ್ನು ಹುಡುಕಲು ನಿಘಂಟು ಬೇಡ, ಅಡುಗೆಮನೆ ಸಾಕು. ಬೇಳೆ ಕೆಳಗಿಳಿದ ಮೇಲೆ ಮೇಲೆ ನಿಲ್ಲುವುದು ತಿಳಿ. ಅದರಿಂದ ಮಾಡಿದ್ದು ತಿಳಿಸಾರು. ಕೆರೆಯಿಂದ ತಂದ ಕದಡಿದ ನೀರನ್ನು ರಾತ್ರಿ ಗುಡಾಣದಲ್ಲಿ ತುಂಬಿಟ್ಟು, ಬೆಳಗ್ಗೆ ಅಲುಗಿಸದೆ ಮೇಲಿನಿಂದ ಮೊಗೆದುಕೊಳ್ಳುತ್ತಿದ್ದ ಕಾಲವನ್ನು ನಮ್ಮ ವಯಸ್ಸಿನವರು ಕಂಡಿದ್ದೇವೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಯನ್ನೇ ನಂಬಿದ ನಮ್ಮ ಸೀಮೆಯಲ್ಲಿ ‘ನೀರು ತಿಳಿಯಾಯಿತೇ?’ ಎಂಬುದು ದಿನದ ಮೊದಲ ಪ್ರಶ್ನೆ. ತಿಳಿನೀಲಿ, ತಿಳಿಹಳದಿಗಳಲ್ಲಿಯೂ ಅದೇ ಪದ. ಕದಡಿದ್ದು ನೆಲೆಗೊಂಡು ತಳ ಕಾಣಿಸಿದರೆ ‘ತಿಳಿಯಿತು’. ತಮಿಳಿನ ‘ತೆಳಿ’, ತೆಲುಗಿನ ‘ತೆಲಿಯು’, ‘ತೆಲುಸು’, ‘ತೆಲಿವಿ’ ಎಲ್ಲವೂ ಒಂದೇ ಬಳ್ಳಿಯವು. ತೆಲುಗಿನಲ್ಲಿ ‘ತೆಲುಪು’ ಎಂದರೆ ಬಿಳಿಯ ಬಣ್ಣ, ‘ತೆಲುಪು’ ಎಂದರೆ ತಿಳಿಸು ಎಂದೂ ಆಗುತ್ತದೆ; ಬೆಳಗಾಗುವುದಕ್ಕೆ ಅವರು ‘ತೆಲ್ಲವಾರು’ ಎನ್ನುತ್ತಾರೆ. ನಾವು ತಿಳಿಯನ್ನು ನೀರಿನಲ್ಲಿ ಕಂಡೆವು, ಅವರು ಬೆಳಕಿನಲ್ಲಿಯೂ ಕಂಡರು.

‘ಬಲ್ಲ’ ಎಂಬುದರ ಕಥೆ ಮತ್ತೊಂದು ಬಗೆಯದು. ಮೂಲದಲ್ಲಿ ‘ಬಲ್’ ಎಂದರೆ ಗಟ್ಟಿ, ಬಲವಾದದ್ದು. ಬಲ್ಲಿದನೆಂದರೆ ಸಮರ್ಥ. ತಮಿಳಿನ ‘ವಲ್’, ‘ವಲ್ಲವನ್’ ಇದರ ನೆಂಟರು. ಶಕ್ತಿಯುಳ್ಳವನು ಮಾಡಬಲ್ಲನು, ಮಾಡಬಲ್ಲವನು ಬಲ್ಲನು. ಅಂದರೆ ಕನ್ನಡವು ತೋಳಿನಿಂದ ತಲೆಗೆ ಹತ್ತಿತು. ಇಂಗ್ಲಿಷಿನ ‘ಕ್ಯಾನ್’ ಇದಕ್ಕೆ ತದ್ವಿರುದ್ಧವಾಗಿ ತಲೆಯಿಂದ ತೋಳಿಗೆ ಇಳಿದಿದೆ. ಅದರ ಹಳೆಯ ಅರ್ಥ ‘ತಿಳಿದಿರು’ ಎಂದೇ, ಅದೂ ಆ ‘ಜ್ಞಾ’ ಬಳಗದ ಪದವೇ. ಈಗ ಬರಿಯ ಸಾಮರ್ಥ್ಯವನ್ನಷ್ಟೇ ಸೂಚಿಸುತ್ತದೆ. ‘ಬಲ್ಲ’ಕ್ಕೆ ತನ್ನದೇ ಆದ ನಿಷೇಧರೂಪವಿಲ್ಲವೆಂಬುದನ್ನು ಗಮನಿಸಿದ್ದೀರಾ? ‘ಅವನು ಬಲ್ಲ’ ಎಂಬುದಕ್ಕೆ ವಿರುದ್ಧ ‘ಅವನು ಅರಿಯ’. ‘ಮಾಡಬಲ್ಲೆ’ ಎಂಬುದಕ್ಕೆ ವಿರುದ್ಧ ‘ಮಾಡಲಾರೆ’. ಬಲ್ಲವನಿಗೆ ‘ಇಲ್ಲ’ ಎನ್ನಲು ಬೇರೊಬ್ಬನ ಬಾಯಿ ಬೇಕು!

ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎಂಬಲ್ಲಿ ಊಟದ ವಿಷಯ ತಿಳಿದವನೆಂದು ಅರ್ಥವಲ್ಲ, ಊಟ ಮಾಡುವ ಹದ ಕೈಗೂಡಿದವನೆಂದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಮೊದಲು ರೀಲರುಗಳು ರಾಶಿಯೊಳಗೆ ಕೈಯಾಡಿಸಿ, ಒಂದು ಹಿಡಿ ಗೂಡನ್ನೆತ್ತಿ ಅಲುಗಿಸಿ, ಬೆರಳಿನಿಂದ ಒತ್ತಿ, ಇದರಿಂದ ಎಷ್ಟು ನೂಲು ಬಂದೀತೆಂದು ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನು ನಾನು ಎಷ್ಟೋ ಬಾರಿ ನಿಂತು ನೋಡಿದ್ದೇನೆ. ಮನೆಯಲ್ಲಿ ಹುಳು ಸಾಕುವ ಹೆಣ್ಣುಮಗಳು ತಟ್ಟೆಯ ಮೇಲೆ ಕಣ್ಣಾಡಿಸಿ ಇವು ಹಣ್ಣಾದುವು, ಚಂದ್ರಿಕೆಗೆ ಬಿಡಬಹುದು ಎನ್ನುತ್ತಾಳೆ. ಹೇಗೆ ತಿಳಿಯಿತೆಂದು ಕೇಳಿದರೆ ಹೇಳಲಾರಳು. ಆ ತಿಳಿವಿಗೆ ‘ಬಲ್ಲ’ ಎಂಬುದೇ ಸರಿಯಾದ ಪದ. ಫ್ರೆಂಚರು ಇಂಥಲ್ಲಿ ‘ಸವ್ವಾರ್’ ಬಳಸುತ್ತಾರೆ.

ನಮ್ಮ ಊರುಗಳಲ್ಲಿ ಈಗ ‘ಬಲ್ಲ’ ಎನ್ನುವವರು ಕಡಿಮೆ. ಅದರ ಕೆಲಸವನ್ನು ‘ಬರು’ ಎಂಬ ಸಾಧಾರಣ ಕ್ರಿಯಾಪದ ವಹಿಸಿಕೊಂಡಿದೆ. ನನಗೆ ಈಜು ಬರುತ್ತದೆ, ಅವಳಿಗೆ ಹೊಲಿಗೆ ಬರುತ್ತದೆ, ಇವನಿಗೆ ಲೆಕ್ಕ ಬರುವುದಿಲ್ಲ. ತೆಲುಗಿನಲ್ಲಿಯೂ ತದ್ವತ್: ‘ನಾಕು ಕನ್ನಡಂ ವಚ್ಚು’, ನನಗೆ ಕನ್ನಡ ಬರುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಮಕ್ಕಳು ಈ ಒಂದು ವಿಷಯದಲ್ಲಿ ಎಂದೂ ಎಡವುವುದಿಲ್ಲ. ಎರಡು ಭಾಷೆಗೂ ಒಂದೇ ಅಚ್ಚು.

ಕೊನೆಗೆ ‘ಗೊತ್ತು’. ಇದು ಕ್ರಿಯಾಪದವೇ ಅಲ್ಲ, ನಾಮಪದ. ದಿನ ಗೊತ್ತುಮಾಡುತ್ತೇವೆ, ಗಾಡಿ ಗೊತ್ತುಮಾಡುತ್ತೇವೆ, ಗೊತ್ತುಗುರಿಯಿಲ್ಲದೆ ತಿರುಗುವವನನ್ನು ಬೈಯುತ್ತೇವೆ, ಸಭೆಯಲ್ಲಿ ಗೊತ್ತುವಳಿಯನ್ನು ಅಂಗೀಕರಿಸುತ್ತೇವೆ. ಇವೆಲ್ಲದರಲ್ಲಿಯೂ ಇರುವುದು ನೆಲೆ, ನಿಶ್ಚಯ ಎಂಬ ಅರ್ಥ. ಅಲುಗಾಡುತ್ತಿದ್ದುದು ಒಂದೆಡೆ ನಿಂತರೆ ಅದು ಗೊತ್ತಾಯಿತು. ಹಳಗನ್ನಡ ಕಾವ್ಯವನ್ನೋದುವಾಗ ಹೆಜ್ಜೆಹೆಜ್ಜೆಗೂ ‘ಅಱಿ’ ಎದುರಾಗುತ್ತದೆಯೇ ಹೊರತು ‘ಗೊತ್ತು’ ಹಾಗೆ ಎದುರಾಗುವುದಿಲ್ಲ. ಇಂದು ಪರಿಸ್ಥಿತಿ ತಿರುಗಿಬಿದ್ದಿದೆ.

ಇದರೊಂದಿಗೆ ವಾಕ್ಯದ ರಚನೆಯೂ ತಿರುಗಿತೆಂಬುದು ನನಗೆ ಹೆಚ್ಚು ಕುತೂಹಲದ ಸಂಗತಿ. ‘ನಾನು ಅರಿವೆನು’, ‘ನಾನು ಬಲ್ಲೆನು’ ಎನ್ನುವಾಗ ನಾನು ಕರ್ತೃ. ‘ನನಗೆ ಗೊತ್ತು’, ‘ನನಗೆ ತಿಳಿಯಿತು’, ‘ನನಗೆ ಬರುತ್ತದೆ’ ಎನ್ನುವಾಗ ನಾನು ಕರ್ತೃವಲ್ಲ. ಚತುರ್ಥೀ ವಿಭಕ್ತಿಯಲ್ಲಿ ಕೈಯೊಡ್ಡಿ ನಿಂತಿದ್ದೇನೆ, ತಿಳಿವು ತಾನಾಗಿ ಬಂದು ಸೇರುತ್ತದೆ. ನೆರೆಯವರಲ್ಲಿಯೂ ಹೀಗೆಯೇ ಆಗಿದೆ. ತೆಲುಗಿನ ‘ನೇನೆರುಗುದುನು’ ಹಿಂದೆ ಸರಿದು ‘ನಾಕು ತೆಲುಸು’ ಮುಂದೆ ಬಂದಿದೆ. ತಮಿಳಿನಲ್ಲಿ ‘ನಾನ್ ಅಱಿವೇನ್’ ಎಂಬುದರ ಬದಲು ‘ಎನಕ್ಕು ತೆರಿಯುಂ’, ಅಂದರೆ ನನಗೆ ಕಾಣಿಸುತ್ತದೆ ಎನ್ನುತ್ತಾರೆ. ಮಲಯಾಳಿಗಳು ಹಳೆಯ ಧಾತುವನ್ನು ಉಳಿಸಿಕೊಂಡರೂ ‘ಎನಿಕ್ಕ್ ಅಱಿಯಾಂ’ ಎಂದು ಚತುರ್ಥಿಗೆ ಬಂದರು. ‘ನಾ ಕಾಣೆ’ ಎಂದರೆ ನನಗೆ ಗೊತ್ತಿಲ್ಲ ಎಂಬ ನಮ್ಮ ಹಳ್ಳಿಯ ಮಾತಿನಲ್ಲಿಯೂ ಆ ‘ಕಾಣು’ ಇದೆ. ಮಾತ್ರ ಅಲ್ಲಿ ‘ನಾನು’ ಇನ್ನೂ ಕರ್ತೃಸ್ಥಾನವನ್ನು ಬಿಟ್ಟಿಲ್ಲ.

ವ್ಯಕ್ತಿಯ ಪರಿಚಯಕ್ಕೆ, ಅಂದರೆ ಅವರ ‘ಕೊನೊಸೇರ್’ಗೆ, ನಮ್ಮ ಸೀಮೆಯಲ್ಲಿ ಕನ್ನಡದವರು ‘ಗುರುತು’, ‘ಪರಿಚಯ’ ಎನ್ನುತ್ತಾರೆ; ತೆಲುಗಿನ ಹಿರಿಯರು ‘ಎರುಕ’ ಎನ್ನುತ್ತಾರೆ. ಆದರೆ ಬೀದಿಯಲ್ಲಿ ‘ಎರುಕ ಹೇಳುತ್ತೇನೆ’ ಎಂದು ಬರುವವಳು ಹೇಳುವುದು ಭವಿಷ್ಯ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲಿಯೂ ಹಾಡಿದವರು. ಅವರ ಭವಿಷ್ಯವಾಣಿಗೆ ಜನ ಕೊಟ್ಟ ಹೆಸರು ‘ಕಾಲಜ್ಞಾನ’. ಮುಂದಾಗುವುದನ್ನು ಹೇಳುವ ಕೆಲಸ ಒಂದೇ ಆದರೂ ಬೀದಿಯಲ್ಲಿ ಅದಕ್ಕೆ ‘ಅಱಿ’ಯ ಮಗಳಾದ ಎರುಕವೆಂಬ ಹೆಸರು, ಮಠದಲ್ಲಿ ‘ಜ್ಞಾ’ದ ಮಗನಾದ ಜ್ಞಾನವೆಂಬ ಹೆಸರು.

ಇಷ್ಟೆಲ್ಲವನ್ನೂ ಬರೆಯಲು ನಿಜವಾದ ಪ್ರೇರಣೆ ಸ್ಪ್ಯಾನಿಷ್ ಅಲ್ಲ. ಎಂಬತ್ತರ ದಶಕದ ಕೊನೆಯ ಮಾತು. ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ತಪಾಸಣೆಗೆಂದು ಅಧಿಕಾರಿಯೊಬ್ಬರು ಬಂದರು. ಊರಿನ ಹೆಸರೂ ಅವರ ಹೆಸರೂ ಇಲ್ಲಿ ಬೇಡ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನನ್ನು ಎಬ್ಬಿಸಿ, ಪಠ್ಯದಲ್ಲಿದ್ದ ಒಂದು ಪದ್ಯದ ಹೆಸರು ಹೇಳಿ, “ಈ ಪದ್ಯ ಗೊತ್ತೇನೋ?” ಎಂದು ಕೇಳಿದರು. ಅವನು ನೂಲು ಬಿಚ್ಚುವವರ ಮನೆಯ ಹುಡುಗ, ಮನೆಮಾತು ತೆಲುಗು, ಬೆಳಗಿನ ಜಾವ ಒಲೆಯ ಮುಂದೆ ಕುಳಿತು ಗೂಡು ಬೇಯಿಸಿ ಶಾಲೆಗೆ ಬರುತ್ತಿದ್ದವನು. “ಗೊತ್ತು ಸಾರ್, ಬರಲ್ಲ” ಎಂದನು.

ತರಗತಿ ಗೊಳ್ಳೆಂದು ನಕ್ಕಿತು. ಅಧಿಕಾರಿಗಳ ಮುಖ ಕೆಂಪಾಯಿತು. “ಗೊತ್ತು ಅಂತೀಯ, ಬರಲ್ಲ ಅಂತೀಯ, ತಮಾಷೆ ಮಾಡ್ತೀಯೇನೋ?” ಎಂದು ಗದರಿ ಹೊರಗೆ ನಿಲ್ಲಿಸಿದರು. ನಾನು ಅಲ್ಲಿಯೇ ಎದ್ದು, ಹುಡುಗ ಉದ್ಧಟತನ ಮಾಡಲಿಲ್ಲ, ಪದ್ಯದ ಕಥೆಯೂ ಭಾವಾರ್ಥವೂ ಅವನಿಗೆ ಗೊತ್ತಿದೆ, ಬಾಯಿಪಾಠ ಬರುವುದಿಲ್ಲವೆಂದು ಹೇಳುತ್ತಿದ್ದಾನೆ ಎಂದೆ. ಅವರು ನಕ್ಕು, “ಗೊತ್ತಿದ್ದರೆ ಬರಬೇಕು ಮೇಷ್ಟ್ರೇ, ಬರದಿದ್ದರೆ ಗೊತ್ತಿಲ್ಲ” ಎಂದರು. ಭೇಟಿಯ ಪುಸ್ತಕದಲ್ಲಿ ಭಾಷೆಯ ಬೋಧನೆ ಸಾಲದೆಂದು ಬರೆದುಹೋದರು. ಹುಡುಗ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ನಾನು ಅವನ ಮನೆಗೆ ಹೋದಾಗ ಅವನ ತಂದೆ ಬಿಸಿನೀರಿನಿಂದ ಕೈಯನ್ನು ಹೊರತೆಗೆಯದೆಯೇ, “ವಾಡಿಕಿ ಚದುವು ರಾದು ಸಾರ್” ಎಂದರು. ಅವನಿಗೆ ಓದು ಬರುವುದಿಲ್ಲ, ಎಂದು. ತಂದೆಯ ಬಾಯಲ್ಲಿಯೂ ಅದೇ ಕ್ರಿಯಾಪದ. ಬರುತ್ತದೆ, ಸ್ವಲ್ಪ ಕಾಯಬೇಕು ಎಂದು ಹೇಳಿ ಕರೆದುಕೊಂಡು ಬಂದೆ. ಎಸ್.ಎಸ್.ಎಲ್.ಸಿ.ಯವರೆಗೆ ಓದಿದನು.

ಎಷ್ಟೋ ವರ್ಷಗಳ ತರುವಾಯ ಫ್ರೆಂಚ್ ವ್ಯಾಕರಣವನ್ನು ಹೇಳುವ ಒಂದು ಹಳೆಯ ಪುಸ್ತಕ ಕೈಗೆ ಸಿಕ್ಕಿತು. ‘ಸವ್ವಾರ್’ ಮತ್ತು ‘ಕೊನೆತ್ರ್’ಗಳ ಭೇದವನ್ನು ತೋರಿಸಲು ಅಲ್ಲಿ ಕೊಟ್ಟಿದ್ದ ಉದಾಹರಣೆ ಪದ್ಯದ್ದೇ. ಪದ್ಯದ ಪರಿಚಯವಿದ್ದರೆ ‘ಕೊನೆತ್ರ್’. ಅದು ಕಂಠಸ್ಥವಾಗಿದ್ದರೆ ‘ಸವ್ವಾರ್’. ಮೊದಲನೆಯದಿದ್ದು ಎರಡನೆಯದಿಲ್ಲದೆ ಇರುವುದು ಆ ಭಾಷೆಯಲ್ಲಿ ತೀರ ಸಹಜವಾದ ವಾಕ್ಯ. ಪ್ಯಾರಿಸ್ಸಿನ ಉಪಾಧ್ಯಾಯನೊಬ್ಬನು ಅಂದು ನಮ್ಮ ತರಗತಿಯಲ್ಲಿದ್ದಿದ್ದರೆ ಆ ಹುಡುಗನ ವ್ಯಾಕರಣಕ್ಕೆ ಪೂರ್ಣ ಅಂಕಗಳನ್ನು ಕೊಡುತ್ತಿದ್ದನು.

ಅಂದಿನಿಂದ ನಿವೃತ್ತಿಯವರೆಗೆ ಪ್ರತಿ ವರ್ಷ ಮೊದಲ ದಿನ ನಾನು ಕಪ್ಪುಹಲಗೆಯ ಮೇಲೆ ಮೂರು ಮಾತುಗಳನ್ನು ಬರೆಯುತ್ತಿದ್ದೆ: ಗೊತ್ತಿಲ್ಲ, ತಿಳಿಯಲಿಲ್ಲ, ಬರುವುದಿಲ್ಲ. ಉತ್ತರ ಹೇಳಲಾಗದಿದ್ದರೆ ಇವುಗಳಲ್ಲಿ ಯಾವುದೆಂದು ಹೇಳಬೇಕು, ಹೇಳಿದವರಿಗೆ ಏಟಿಲ್ಲ ಎಂಬುದು ನನ್ನ ಕರಾರು. ನಿಮ್ಮಲ್ಲಿ ಹಲವರಿಗೆ ಇದು ನೆನಪಿದೆಯೆಂದು ಬಲ್ಲೆ. ಗೊತ್ತಿಲ್ಲವೆಂದರೆ ಆ ವಿಷಯ ಅವನ ಕಿವಿಗೆ ಬಿದ್ದೇ ಇಲ್ಲ, ಹೇಳಿದರಾಯಿತು. ತಿಳಿಯಲಿಲ್ಲವೆಂದರೆ ಬಿದ್ದಿದೆ, ಆದರೆ ಕದಡಿಕೊಂಡಿದೆ; ನಿಧಾನವಾಗಿ ಮತ್ತೊಮ್ಮೆ ಹೇಳಬೇಕು, ಇಲ್ಲವೆ ಸುಮ್ಮನೆ ಕಾಯಬೇಕು. ಬರುವುದಿಲ್ಲವೆಂದರೆ ವಿಷಯ ಗೊತ್ತು, ಕೈಗೋ ನಾಲಗೆಗೋ ಹತ್ತಿಲ್ಲ, ಅಭ್ಯಾಸ ಮಾಡಿಸಬೇಕು. ಮೂರಕ್ಕೂ ಒಂದೇ ಕಷಾಯ ಕುಡಿಸುವುದು ಉಪಾಧ್ಯಾಯನ ಕೆಲಸವಲ್ಲ.

ಇಂಗ್ಲಿಷ್ ಮಾಧ್ಯಮದ ತರಗತಿಗಳಲ್ಲಿ ಈ ಮೂರೂ ‘ಐ ಡೋಂಟ್ ನೋ ಸಾರ್’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಇಂಗ್ಲಿಷಿಗೂ ಹಿಂದೆ ಭೇದಗಳಿದ್ದುವು. ಅದರ ಸೋದರಿ ಜರ್ಮನ್ ಭಾಷೆಯಲ್ಲಿ ಸಂಗತಿಗೆ, ಪರಿಚಯಕ್ಕೆ, ಸಾಮರ್ಥ್ಯಕ್ಕೆ ಮೂರು ಬೇರೆಬೇರೆ ಕ್ರಿಯಾಪದಗಳು ಇಂದಿಗೂ ಇವೆ. ಇಂಗ್ಲಿಷರು ತಮ್ಮ ಪೆಟ್ಟಿಗೆಯನ್ನು ತಾವೇ ಖಾಲಿ ಮಾಡಿಕೊಂಡರು, ಅದು ಅವರ ಇಷ್ಟ. ಮನೆಯಲ್ಲಿ ‘ತೆಲೀಲೇದು’, ‘ರಾದು’ ಎಂದು ಸ್ಪಷ್ಟವಾಗಿ ಬೇರ್ಪಡಿಸುವ ಮಗು ಶಾಲೆಯ ಬಾಗಿಲಲ್ಲಿ ಆ ಭೇದವನ್ನು ಚಪ್ಪಲಿಯಂತೆ ಬಿಟ್ಟು ಒಳಬರುವುದನ್ನು ನೋಡಿದರೆ ಮಾತ್ರ ನನಗೆ ಬೇಸರವಾಗುತ್ತದೆ. ಆ ಮಗುವಿಗೆ ಗೊತ್ತಿಲ್ಲವೋ, ತಿಳಿದಿಲ್ಲವೋ, ಬರುವುದಿಲ್ಲವೋ ಎಂದು ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಒಮ್ಮೆ ಕೇಳಲು ಅರ್ಧ ನಿಮಿಷ ಸಾಕು. ಈಗ ಉಪಾಧ್ಯಾಯರಾಗಿರುವ ನನ್ನ ಶಿಷ್ಯರು ಕೇಳಿ ನೋಡಬೇಕೆಂದು ವಿನಂತಿ.

ಗೌರಿಬಿದನೂರಿನಲ್ಲಿ ಪಾಠ ಹೇಳುತ್ತಿರುವ ಒಬ್ಬ ಹಳೆಯ ಶಿಷ್ಯೆ ಮೊನ್ನೆ ದೂರವಾಣಿಯಲ್ಲಿ ಮಾತನಾಡುತ್ತ, ‘ಈಗಿನ ಮಕ್ಕಳು ‘ಐ ಡೋಂಟ್ ನೋ’ ಕೂಡ ಅನ್ನಲ್ಲ ಸಾರ್, ‘ನೋ ಐಡಿಯಾ ಮಿಸ್’ ಅಂತಾರೆ’ ಎಂದು ನಕ್ಕಳು. ನಾನು ನಿಘಂಟನ್ನು ತೆಗೆದು ನೋಡಿದೆ. ‘ಐಡಿಯಾ’ ಗ್ರೀಕ್ ಪದ. ಅದರ ಧಾತುವಿಗೆ ‘ನೋಡು’ ಎಂದರ್ಥ. ಲ್ಯಾಟಿನ್ನಿನ ‘ವಿದೇರೆ’, ಸಂಸ್ಕೃತದ ‘ವಿದ್’ಗಳ ಒಡಹುಟ್ಟು. ಹಾಗಾದರೆ ಆ ಮಕ್ಕಳು ಹೇಳುತ್ತಿರುವುದೂ ನಮ್ಮ ಹಳ್ಳಿಯ ‘ನಾ ಕಾಣೆ’ಯನ್ನೇ, ವಿದುರನ ಧಾತುವಿನಲ್ಲಿ, ವಿದುರಾಶ್ವತ್ಥದಿಂದ ಕೆಲವೇ ಮೈಲಿಗಳಾಚೆ ಕುಳಿತು.